ಉತಾದಾ, ಹಮಾಸಾಕಿ, ಅಡೆಲ್, ಮರಾಯಾ: ಯಾರ ಹಾಡು ಜಾಸ್ತಿ ಮಾರಾಟವಾಯಿತು?

ಪ್ರಶ್ನೆ: ನನ್ನ ತಂಗಿ ಟೇಲರ್ ಸ್ವಿಫ್ಟ್, ಅಡೆಲ್ ಅವರ ಅಭಿಮಾನಿ. ನಾನು ಒಂದು ಜಪಾನಿ ಸರಣಿ ನೋಡಿ ಉತಾದಾ ಹಿಕಾರು ಹಾಡುಗಳ ಹುಚ್ಚು ಹಿಡಿಸಿಕೊಂಡವನು. ಅಲ್ಲಿಂದ ಹಮಾಸಾಕಿ ಆಯುಮಿ, ಅಮುರೊ ನಾಮಿಯೆ ಅಂತ ಕೇಳುತ್ತಾ ಹೋದೆ. ತಂಗಿ ಹೇಳುವುದು ಇಷ್ಟೇ: "ಮಡೋನಾ 30 ಕೋಟಿ ಮಾರಿದ್ದಾರೆ, ನಿನ್ನ ಹಮಾಸಾಕಿ 5 ಕೋಟಿ. ಹೋಲಿಕೆ ಎಲ್ಲಿದೆ?" ನಿಜವಾಗಿಯೂ ಜಪಾನಿನ ಗಾಯಕಿಯರು ಇವರ ಮುಂದೆ ಅಷ್ಟು ಚಿಕ್ಕವರಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಡೀ ಪ್ರಪಂಚದ ಒಟ್ಟು ಮಾರಾಟ ಕೇಳಿದರೆ ನಿಮ್ಮ ತಂಗಿ ಹೇಳಿದ್ದೇ ಸರಿ. ಮಡೋನಾ, ಮರಾಯಾ ಕ್ಯಾರಿ, ವಿಟ್ನಿ ಹ್ಯೂಸ್ಟನ್, ಸೆಲೀನ್ ಡಿಯಾನ್ ಇವರ ಹತ್ತಿರಕ್ಕೆ ಜಪಾನಿನ ಯಾವ ಗಾಯಕಿಯೂ ಬರುವುದಿಲ್ಲ. ಆದರೆ ಒಂದೇ ದೇಶ, ಒಂದೇ ವಾರ, ಅಂಗಡಿಯಲ್ಲಿ ನಿಜವಾಗಿ ಬಿಕರಿಯಾದ ಸಿಡಿ ಎಷ್ಟು ಅಂತ ಕೇಳಿ ನೋಡಿ. ಆಗ ಜಪಾನಿನ ಇಬ್ಬರು ಹುಡುಗಿಯರು 2001ರಲ್ಲಿ ಮಾಡಿದ್ದನ್ನು ಮುಟ್ಟಲು ಅಮೆರಿಕಕ್ಕೆ ಹದಿನಾಲ್ಕು ವರ್ಷ ಬೇಕಾಯಿತು. ಅದೂ ಜಪಾನಿನ ಎರಡೂವರೆ ಪಟ್ಟು ಜನಸಂಖ್ಯೆ ಇರುವ ದೇಶಕ್ಕೆ.

ಆ ಕಥೆ ಹೇಳುವ ಮುಂಚೆ ಆ 30 ಕೋಟಿ ಮತ್ತು 5 ಕೋಟಿಯ ವಿಷಯ ಮುಗಿಸೋಣ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲೇಬಾರದು. ಹಮಾಸಾಕಿಯವರ 5 ಕೋಟಿ ಬಂದಿರುವುದು ಒರಿಕಾನ್ ಎಂಬ ಕಂಪನಿಯ ಲೆಕ್ಕದಿಂದ. ಒರಿಕಾನ್ 1968ರಿಂದ ಜಪಾನಿನ ಅಂಗಡಿಗಳ ಮಾರಾಟದ ಮಾಹಿತಿ ತೆಗೆದುಕೊಂಡು ವಾರವಾರ ಪಟ್ಟಿ ಮಾಡುತ್ತಿದೆ. ಅದು ಎಣಿಸುವುದು ಜಪಾನಿನೊಳಗಿನ ಮಾರಾಟ ಮಾತ್ರ. ಹಮಾಸಾಕಿ ಮೆರೆದ ಕಾಲದಲ್ಲಂತೂ ಅದು ಬರೀ ಡಿಸ್ಕ್‌ಗಳ ಎಣಿಕೆ, ಡೌನ್‌ಲೋಡ್ ಕೂಡ ಅದರಲ್ಲಿ ಸೇರಿರಲಿಲ್ಲ. ಮಡೋನಾ ಅವರ 30 ಕೋಟಿ ಬೇರೆ ಜಾತಿಯ ಅಂಕಿ. ಅದು ಜಗತ್ತಿನ ಎಲ್ಲ ದೇಶಗಳ ಆಲ್ಬಂ, ಸಿಂಗಲ್ (ಒಂದೆರಡೇ ಹಾಡಿನ ಡಿಸ್ಕ್) ಎಲ್ಲ ಸೇರಿಸಿ, ಹಲವು ದಶಕಗಳಿಗೆ ಹಾಕಿದ ಅಂದಾಜು. ಅದರ ಹಿಂದೆ ಅಂಗಡಿಯ ರಸೀತಿ ಇಲ್ಲ.

ಇನ್ನೊಂದು ತೊಡಕಿದೆ. ಅಮೆರಿಕದ ಗೋಲ್ಡ್, ಪ್ಲಾಟಿನಂ ಪ್ರಮಾಣಪತ್ರ ಕೊಡುವುದು ಅಲ್ಲಿನ ರೆಕಾರ್ಡ್ ಕಂಪನಿಗಳ ಸಂಘ. ಸಿಡಿ ಕಾಲದಲ್ಲಿ ಅದು ನೋಡುತ್ತಿದ್ದದ್ದು ಕಂಪನಿಯಿಂದ ಎಷ್ಟು ಸರಕು ಹೊರಗೆ ಹೋಯಿತು ಅಂತ. ಗಿರಾಕಿ ಕೊಂಡರೋ ಇಲ್ಲವೋ ಅದು ಬೇರೆ ಮಾತು. ಒಂದು ಸೆಂಟ್‌ಗೆ ಹನ್ನೆರಡು ಸಿಡಿ ಅಂತ ಜಾಹೀರಾತು ಕೊಟ್ಟು ಅಂಚೆಯಲ್ಲಿ ಕಳಿಸುತ್ತಿದ್ದ ಕ್ಲಬ್‌ಗಳ ಸರಕೂ ಅದರಲ್ಲಿ ಸೇರುತ್ತಿತ್ತು. ಅಂಗಡಿಯ ಕೌಂಟರಿನಲ್ಲಿ ಬಾರ್‌ಕೋಡ್ ಓದಿ ಎಣಿಸುವ ಸೌಂಡ್‌ಸ್ಕ್ಯಾನ್ ಬಂದಿದ್ದು 1991ರಲ್ಲಿ. ಎರಡಕ್ಕೂ ಎಷ್ಟು ಅಂತರ ಬರುತ್ತದೆ ಅನ್ನುವುದಕ್ಕೆ ಶನಾಯಾ ಟ್ವೇನ್ ಅವರ 1997ರ 'ಕಮ್ ಆನ್ ಓವರ್' ನೋಡಿ. ಪ್ರಮಾಣಪತ್ರದ ಪ್ರಕಾರ ಅಮೆರಿಕದಲ್ಲಿ 2 ಕೋಟಿ. ಸೌಂಡ್‌ಸ್ಕ್ಯಾನ್ ಪ್ರಕಾರ ಒಂದೂವರೆ ಕೋಟಿಗಿಂತ ಸ್ವಲ್ಪ ಜಾಸ್ತಿ. ಯಾರೂ ಸುಳ್ಳು ಹೇಳುತ್ತಿಲ್ಲ, ಎಣಿಸಿದ ಜಾಗ ಬೇರೆ. ನಮ್ಮ ಕ್ಯಾಸೆಟ್ ಕಾಲ ನೆನೆಸಿಕೊಳ್ಳಿ, ಎಷ್ಟು ಲಕ್ಷ ಹೋಯಿತು ಅಂದರೆ ಕಂಪನಿ ಹೇಳಿದ್ದೇ ಲೆಕ್ಕ ಅಲ್ವಾ? ಅದಕ್ಕೇ ನನಗೆ ಒರಿಕಾನ್ ಮತ್ತು ಸೌಂಡ್‌ಸ್ಕ್ಯಾನ್ ಅಂಕಿಗಳ ಮೇಲೆ ಜಾಸ್ತಿ ನಂಬಿಕೆ. ಉಳಿದ ಮಾತೆಲ್ಲ ಆದಷ್ಟೂ ಅಂಥ ಎಣಿಕೆಯ ಮೇಲೆಯೇ ಹೇಳುತ್ತೇನೆ.

ಈಗ ಆ ವಾರದ ಕಥೆ. 2001ರ ಮಾರ್ಚ್ 28, ಬುಧವಾರ. ಉತಾದಾ ಹಿಕಾರು ಅವರ ಎರಡನೇ ಆಲ್ಬಂ 'ಡಿಸ್ಟೆನ್ಸ್' ಮತ್ತು ಹಮಾಸಾಕಿ ಆಯುಮಿ ಅವರ ಆಯ್ದ ಹಾಡುಗಳ ಆಲ್ಬಂ 'ಎ ಬೆಸ್ಟ್' ಒಂದೇ ದಿನ ಅಂಗಡಿಗೆ ಬಂದವು. ಉತಾದಾಗೆ ಆಗ 18 ವರ್ಷ, ಹಮಾಸಾಕಿಗೆ 22. ದೇಶವೇ ಇದನ್ನು ಕುಸ್ತಿಯ ಹಾಗೆ ನೋಡಿತು. ವಾರ ಮುಗಿದಾಗ ಒರಿಕಾನ್ ಲೆಕ್ಕ ಹೀಗಿತ್ತು: 'ಡಿಸ್ಟೆನ್ಸ್' 30 ಲಕ್ಷ, 'ಎ ಬೆಸ್ಟ್' 28.7 ಲಕ್ಷ. ಎರಡೂ ಸೇರಿ ಸುಮಾರು 59 ಲಕ್ಷ ಸಿಡಿ, 12.7 ಕೋಟಿ ಜನರ ದೇಶದಲ್ಲಿ, ಒಂದೇ ವಾರದಲ್ಲಿ. ಎರಡನೇ ಸ್ಥಾನಕ್ಕೆ ಬಂದವರು 28.7 ಲಕ್ಷ ಮಾರಿದ್ದರು ಅನ್ನುವುದನ್ನು ನಾನು ಎಷ್ಟು ಸಲ ಓದಿದರೂ ಮತ್ತೆ ಒಮ್ಮೆ ನಿಂತು ನೋಡುತ್ತೇನೆ.

ಆ ಹೊತ್ತಿಗೆ ಅಮೆರಿಕದ ದಾಖಲೆ ಎಷ್ಟಿತ್ತು ಗೊತ್ತಾ? ಹಿಂದಿನ ವರ್ಷ ಎನ್‌ಸಿಂಕ್ ಎಂಬ ಹುಡುಗರ ತಂಡ ಮಾಡಿದ್ದ 24 ಲಕ್ಷ. ಅದು 2015ರ ನವೆಂಬರ್‌ವರೆಗೆ ಅಲುಗಾಡಲಿಲ್ಲ. ಆಗ ಅಡೆಲ್ ಅವರ '25' ಬಂತು. ಅದನ್ನು ಮೊದಲ ಏಳು ತಿಂಗಳು ಸ್ಪಾಟಿಫೈಗೆ ಕೊಡಲೇ ಇಲ್ಲ, ಬೇಕಾದವರು ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಅಮೆರಿಕದಲ್ಲಿ ಮೊದಲ ವಾರ 33.8 ಲಕ್ಷ. ಒಂದು ದೇಶದ ಒಂದು ವಾರದ ಮಾರಾಟದಲ್ಲಿ 'ಡಿಸ್ಟೆನ್ಸ್' ದಾಟಿದ್ದು ಆಗಲೇ.

ಆದರೆ ಜನಸಂಖ್ಯೆ ಮರೆಯಬೇಡಿ. ಅಮೆರಿಕದಲ್ಲಿ ಆಗ 32 ಕೋಟಿ ಜನ. 33.8 ಲಕ್ಷ ಅಂದರೆ ಸುಮಾರು 95 ಜನಕ್ಕೆ ಒಂದು ಆಲ್ಬಂ. ಅಡೆಲ್ ಅವರ ಸ್ವಂತ ನಾಡು ಬ್ರಿಟನ್ನಿನಲ್ಲಿ ಅದೇ ವಾರ 8 ಲಕ್ಷ ಹೋಯಿತು, ಸುಮಾರು 80 ಜನಕ್ಕೆ ಒಂದು. ಜಪಾನಿನಲ್ಲಿ 'ಡಿಸ್ಟೆನ್ಸ್' 42 ಜನಕ್ಕೆ ಒಂದು. 'ಎ ಬೆಸ್ಟ್' 44 ಜನಕ್ಕೆ ಒಂದು. ತಂಗಿಗೆ ಈ ನಾಲ್ಕು ಅಂಕಿ ಬರೆದು ಕೊಡಿ, ಸಾಕು.

ಇಲ್ಲಿ ಒಂದು ಮಾತು. ಉತಾದಾ 2021ರಲ್ಲಿ ತಾವು ನಾನ್-ಬೈನರಿ ಎಂದು ಹೇಳಿಕೊಂಡರು, ಅಂದರೆ ಹೆಣ್ಣು ಅಥವಾ ಗಂಡು ಎಂಬ ಎರಡೇ ಪಟ್ಟಿಯಲ್ಲಿ ತಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ಆ ಕಾಲದ ಪಟ್ಟಿಗಳು ಅವರನ್ನು ಗಾಯಕಿಯರ ಸಾಲಿನಲ್ಲೇ ಇಟ್ಟಿರುವುದರಿಂದ ಈ ಹೋಲಿಕೆಯಲ್ಲಿ ಸೇರಿಸಿದ್ದೇನೆ, ಅಷ್ಟೇ.

ಒಂದು ವಾರದ ಲೆಕ್ಕ ಬಿಟ್ಟು ಒಂದು ಆಲ್ಬಂನ ಪೂರ್ತಿ ಆಯಸ್ಸಿನ ಲೆಕ್ಕಕ್ಕೆ ಬರೋಣ. ಇಲ್ಲಿ ನಿಮ್ಮ ಪರವಾಗಿ ಅಷ್ಟು ಸುಲಭದ ಗೆಲುವು ಇಲ್ಲ. ಉತಾದಾ ಅವರ ಮೊದಲ ಆಲ್ಬಂ 'ಫಸ್ಟ್ ಲವ್' 1999ರ ಮಾರ್ಚ್ 10ರಂದು ಬಂತು. ಹಾಡು ಬರೆದಿದ್ದೂ ಹಾಡಿದ್ದೂ 16 ವರ್ಷದ ಉತಾದಾ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ತಾಯಿ ಫುಜಿ ಕೇಕೊ 1970ರ ಸುಮಾರಿಗೆ ಎಂಕಾ ಎಂಬ ಹಳೆಯ ಧಾಟಿಯ ಜಪಾನಿ ಹಾಡುಗಳ ದೊಡ್ಡ ತಾರೆ, ಅವರ ಆಲ್ಬಂಗಳು ಸತತ 37 ವಾರ ಒರಿಕಾನ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದವು. ಮಾರಾಟದಲ್ಲಿ ಮಗುವಿನ ಆಲ್ಬಂ ತಾಯಿಯದನ್ನೂ ಮೀರಿಸಿತು. ಒರಿಕಾನ್ ಪ್ರಕಾರ ಸುಮಾರು 76.5 ಲಕ್ಷ. ಜಪಾನಿನಲ್ಲಿ ಇವತ್ತಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ, ಗಂಡು ಹೆಣ್ಣು ತಂಡ ಎಲ್ಲ ಸೇರಿ. ಸುಮಾರು 17 ಜನಕ್ಕೆ ಒಂದು. ಆರು ಮನೆಗೆ ಒಂದು ಅಂದರೂ ತಪ್ಪಿಲ್ಲ.

ಅದೇ 1999ರ ಜನವರಿಯಲ್ಲಿ ಅಮೆರಿಕದಲ್ಲಿ ಬ್ರಿಟ್ನಿ ಸ್ಪಿಯರ್ಸ್ ಅವರ ಮೊದಲ ಆಲ್ಬಂ ಬಂದಿತ್ತು. ಪ್ರಮಾಣಪತ್ರದ ಲೆಕ್ಕದಲ್ಲಿ 1.4 ಕೋಟಿ, ಅಂದರೆ ಅಲ್ಲಿನ 20 ಜನಕ್ಕೆ ಒಂದು. ಅದೂ ಕಂಪನಿಯಿಂದ ಹೊರಟ ಸರಕಿನ ಲೆಕ್ಕ. ಶನಾಯಾ ಟ್ವೇನ್ ಅವರದ್ದು ಬಾರ್‌ಕೋಡ್ ಲೆಕ್ಕದಲ್ಲಿ 17, 18 ಜನಕ್ಕೆ ಒಂದು, ಉತಾದಾಗೆ ಸರಿಸಮ. ಆದರೆ ಅಡೆಲ್ ಅವರ '21' ಬ್ರಿಟನ್ನಿನಲ್ಲಿ 50 ಲಕ್ಷ ದಾಟಿದೆ. 6.3 ಕೋಟಿ ಜನಕ್ಕೆ ಹಂಚಿದರೆ 12, 13 ಜನಕ್ಕೆ ಒಂದು. ಇಲ್ಲಿ ಅಡೆಲ್ ಮುಂದೆ. ಇದನ್ನು ಮುಚ್ಚಿಟ್ಟು ವಾದ ಮಾಡಬೇಡಿ, ತಂಗಿಗೆ ಗೊತ್ತಾದರೆ ಉಳಿದ ಮಾತೂ ನಂಬುವುದಿಲ್ಲ. ಹಾಗೇ 'ಫಸ್ಟ್ ಲವ್' ಜಗತ್ತಿನಾದ್ಯಂತ 1 ಕೋಟಿ ಮಾರಿತು ಅಂತ ನೆಟ್‌ನಲ್ಲಿ ಎಲ್ಲೆಡೆ ಸಿಗುತ್ತದೆ. ನೀವು 76.5 ಲಕ್ಷಕ್ಕೇ ಅಂಟಿಕೊಳ್ಳಿ.

ಇಷ್ಟು ಜನ ಯಾಕೆ ಕೊಂಡರು? ಅಗ್ಗವಾಗಿತ್ತು ಅಂದುಕೊಂಡರೆ ತಪ್ಪು. ಜಪಾನಿನಲ್ಲಿ ಸಿಡಿಯ ಬೆಲೆಯನ್ನು ಕಂಪನಿಯೇ ಗೊತ್ತುಮಾಡುತ್ತದೆ. ಅಂಗಡಿಯವರು ಅದಕ್ಕಿಂತ ಕಡಿಮೆಗೆ ಮಾರುವ ಹಾಗಿಲ್ಲ. ಪುಸ್ತಕ, ಪತ್ರಿಕೆ, ರೆಕಾರ್ಡ್‌ಗಳಿಗೆ ಕಾನೂನೇ ಈ ಅವಕಾಶ ಕೊಟ್ಟಿದೆ, ಅಲ್ಲಿ ಇದಕ್ಕೆ ಸೈಹನ್ ಅನ್ನುತ್ತಾರೆ. ಹಾಗಾಗಿ ಒಂದು ಆಲ್ಬಂಗೆ ಸುಮಾರು 3,000 ಯೆನ್, ಅವತ್ತಿನ ದರದಲ್ಲಿ 25 ಡಾಲರ್ ಆಸುಪಾಸು. ಅಮೆರಿಕದಲ್ಲಿ 15ರಿಂದ 18 ಡಾಲರ್‌ಗೆ ಸಿಗುತ್ತಿತ್ತು. ಹೊರದೇಶದಿಂದ ತರಿಸಿದ ಸಿಡಿಗೆ ಈ ನಿಯಮ ಇಲ್ಲ. ಅದಕ್ಕೇ ಪಾಶ್ಚಾತ್ಯ ಗಾಯಕಿಯರ ಜಪಾನಿ ಆವೃತ್ತಿಯಲ್ಲಿ ಬೇರೆಲ್ಲೂ ಇಲ್ಲದ ಒಂದೆರಡು ಹಾಡು ಜಾಸ್ತಿ ಇರುತ್ತಿದ್ದವು. ಇಲ್ಲದಿದ್ದರೆ ಅಲ್ಲಿನವರು ಅಗ್ಗದ ಅಮೆರಿಕನ್ ಸಿಡಿಯನ್ನೇ ಕೊಳ್ಳುತ್ತಿದ್ದರು.

ಸಾಲದ್ದಕ್ಕೆ ಬಾಡಿಗೆ ಅಂಗಡಿಗಳು. 1980ರಿಂದ ಜಪಾನಿನಲ್ಲಿ ರೆಕಾರ್ಡ್ ಬಾಡಿಗೆಗೆ ಸಿಗತೊಡಗಿತು, ಆಮೇಲೆ ಅದಕ್ಕೆ ಕಾನೂನಿನ ಚೌಕಟ್ಟೂ ಬಂತು. ಸಾವಿರಾರು ಅಂಗಡಿ. ಕೆಲವು ನೂರು ಯೆನ್ ಕೊಟ್ಟು ಸಿಡಿ ತಂದು, ಮನೆಯಲ್ಲಿ ಮಿನಿಡಿಸ್ಕ್ ಎಂಬ ಪುಟ್ಟ ಡಿಸ್ಕ್‌ಗೆ ಇಳಿಸಿಕೊಂಡು ವಾಪಸ್ ಕೊಡಬಹುದಿತ್ತು. ಜಪಾನಿ ಆಲ್ಬಂಗಳು ಬಿಡುಗಡೆಯಾದ ಮೂರು ವಾರದೊಳಗೆ ಬಾಡಿಗೆಗೆ ಬರುತ್ತಿದ್ದವು, ಅಮೆರಿಕದ ಕಂಪನಿಗಳು ಮಾತ್ರ ಕಾನೂನು ಕೊಟ್ಟ ಒಂದು ವರ್ಷದ ತಡೆಯನ್ನು ಪೂರ್ತಿ ಬಳಸಿಕೊಳ್ಳುತ್ತಿದ್ದವು. ಅಂದರೆ ದುಬಾರಿ ಬೆಲೆ, ಪಕ್ಕದ ಬೀದಿಯಲ್ಲೇ ಬಾಡಿಗೆ, ಇವೆರಡನ್ನೂ ದಾಟಿ 76.5 ಲಕ್ಷ. ಈ ಮಾತನ್ನು ಹೋಲಿಕೆ ಮಾಡುವವರು ಯಾರೂ ಎತ್ತುವುದಿಲ್ಲ, ನನಗೆ ಅದು ಬೇಸರ.

ಕೊಳ್ಳುವಂತೆ ಮಾಡಿದ್ದು ಟಿವಿ ಮತ್ತು ಕರೋಕೆ. ಟಿವಿ ಧಾರಾವಾಹಿಗೋ ಜಾಹೀರಾತಿಗೋ ಹಾಡನ್ನು ಜೋಡಿಸುವುದಕ್ಕೆ ಅಲ್ಲಿ ಟೈಅಪ್ ಅಂತ ಹೆಸರು. ವಾರವಾರ ಕೋಟಿಗಟ್ಟಲೆ ಜನ ನೋಡುವ ಧಾರಾವಾಹಿಯಲ್ಲಿ, ನಾಯಕಿ ಅಳುವ ಹೊತ್ತಿಗೆ ಸರಿಯಾಗಿ ಹಾಡು ಶುರುವಾಗುತ್ತದೆ. ವಾರಾಂತ್ಯಕ್ಕೆ ಗೆಳೆಯರ ಜೊತೆ ಕರೋಕೆಯಲ್ಲಿ ಅದನ್ನೇ ಹಾಡಬೇಕು. ಹಾಡಬೇಕು ಅಂದರೆ ಕಲಿಯಬೇಕು. ಕಲಿಯಬೇಕು ಅಂದರೆ 1,000 ಯೆನ್ ಕೊಟ್ಟು ಆ ಪುಟ್ಟ 8 ಸೆಂಟಿಮೀಟರ್ ಸಿಂಗಲ್ ಕೊಳ್ಳಬೇಕು. ಅದರಲ್ಲಿ ಹಾಡಿನ ಪಕ್ಕದಲ್ಲೇ ಧ್ವನಿ ಇಲ್ಲದ ಬರೀ ವಾದ್ಯದ ಟ್ರ್ಯಾಕ್ ಕೂಡ ಇರುತ್ತಿತ್ತು. ಅಮುರೊ ನಾಮಿಯೆ ಅವರ 1997ರ 'ಕ್ಯಾನ್ ಯು ಸೆಲೆಬ್ರೇಟ್?' ಇದೇ ದಾರಿಯಲ್ಲಿ ಹೋಗಿ ಸುಮಾರು 23 ಲಕ್ಷ ಮಾರಿತು. ಒಬ್ಬಂಟಿ ಗಾಯಕಿಯ ಸಿಂಗಲ್‌ಗಳಲ್ಲಿ ಜಪಾನಿನಲ್ಲಿ ಅದೇ ಮೇಲು. ಮರುವರ್ಷ, 1998ರಲ್ಲಿ, ಜಪಾನಿನ ಸಿಡಿ ಉದ್ಯಮ 60,750 ಕೋಟಿ ಯೆನ್ ಮುಟ್ಟಿ ತುತ್ತತುದಿಗೆ ಹೋಯಿತು. ಅಲ್ಲಿಂದ ಇಳಿಮುಖ. 'ಫಸ್ಟ್ ಲವ್' ಬಂದಿದ್ದು ಆ ತುದಿಯಲ್ಲೇ ಅನ್ನುವುದೂ ನೆನಪಿರಲಿ.

ನನ್ನ ಪ್ರಕಾರ ನ್ಯಾಯವಾದ ಹೋಲಿಕೆ ಇನ್ನೊಂದಿದೆ. ಎರಡೂ ಕಡೆಯವರನ್ನು ಒಂದೇ ಕೌಂಟರಿನ ಮುಂದೆ ನಿಲ್ಲಿಸಿ. ಜಪಾನಿನ ಅಂಗಡಿಯಲ್ಲಿ ಅಮೆರಿಕದ ಗಾಯಕಿ ಎಷ್ಟು ಮಾರಿದರು? ಮರಾಯಾ ಕ್ಯಾರಿ ಅಲ್ಲಿ ಮನೆಮಾತು. ಈಗ ಪ್ರತಿ ಡಿಸೆಂಬರಿನಲ್ಲಿ ನಾವೆಲ್ಲ ಕೇಳುವ ಅವರ ಕ್ರಿಸ್ಮಸ್ ಹಾಡು 1994ರಲ್ಲಿ ಜಪಾನಿನ ಧಾರಾವಾಹಿಯೊಂದರ ಶೀರ್ಷಿಕೆ ಗೀತೆಯಾಗಿತ್ತು, ಅಲ್ಲೇ 10 ಲಕ್ಷ ದಾಟಿತು. ಅಮೆರಿಕದಲ್ಲಿ ಅದು ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿದ್ದು 2019ರಲ್ಲಿ. ಅವರ 1998ರ ಆಯ್ದ ಹಾಡುಗಳ ಆಲ್ಬಂ ಒರಿಕಾನ್ ಲೆಕ್ಕದಲ್ಲಿ 28 ಲಕ್ಷದ ಆಸುಪಾಸು. ಪಾಶ್ಚಾತ್ಯರ ಆಲ್ಬಂಗಳಲ್ಲಿ ಜಪಾನಿನಲ್ಲಿ ಅದೇ ದಾಖಲೆ. 1995ರಲ್ಲಿ ಸೆಲೀನ್ ಡಿಯಾನ್ ಕೂಡ ಧಾರಾವಾಹಿಯ ಹಾಡಿನಿಂದಲೇ ಒರಿಕಾನ್ ಸಿಂಗಲ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದರು. 1983ರ ಐರೀನ್ ಕಾರಾ ಆದಮೇಲೆ ಹೊರದೇಶದವರೊಬ್ಬರು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಗಮನಿಸಿ, ಟಿವಿ ಟೈಅಪ್ ಸಿಕ್ಕ ಕೂಡಲೇ ಪಾಶ್ಚಾತ್ಯರೂ ಜಪಾನಿಗರ ಹಾಗೆಯೇ ಮಾರಿದ್ದಾರೆ.

ಹೀಗೆ ಒಂದೇ ಕೌಂಟರಿನಲ್ಲಿ ನಿಲ್ಲಿಸಿದರೆ, ಮರಾಯಾ ಅವರ ಅತಿ ದೊಡ್ಡ ಆಲ್ಬಂ ತನ್ನ ಪೂರ್ತಿ ಆಯಸ್ಸಿನಲ್ಲಿ ಮಾರಿದಷ್ಟನ್ನು ಹಮಾಸಾಕಿ ಒಂದು ವಾರದಲ್ಲಿ ಮಾರಿದರು. ಆದರೂ ಅದು ಹೊರಗಿನವರೊಬ್ಬರು ಮಾಡಿದ 28 ಲಕ್ಷ, ಚಿಕ್ಕದಲ್ಲ.

ಈಗ ತಿರುಗಿಸಿ ನೋಡಿ, ಅಮೆರಿಕದ ಕೌಂಟರಿನಲ್ಲಿ ಜಪಾನಿನವರು. ಇಲ್ಲಿ ನೋವಾಗುತ್ತದೆ. 1979ರಲ್ಲಿ ಪಿಂಕ್ ಲೇಡಿ ಎಂಬ ಇಬ್ಬರು ಹುಡುಗಿಯರ ಜೋಡಿ ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 37ನೇ ಸ್ಥಾನಕ್ಕೆ ಬಂತು. ಮನೆಯಲ್ಲಿ ಸತತ 24 ಸಿಂಗಲ್‌ಗಳನ್ನು ಮೊದಲ ಸ್ಥಾನಕ್ಕೆ ಏರಿಸಿದ್ದ ಮಾತ್ಸುದಾ ಸೇಕೊ 1990ರಲ್ಲಿ ಇಂಗ್ಲಿಷಿನಲ್ಲಿ ಹಾಡಿ 54ರ ಹತ್ತಿರ ನಿಂತರು. 2004ರಲ್ಲಿ ಉತಾದಾ ಇಂಗ್ಲಿಷ್ ಆಲ್ಬಂ 'ಎಕ್ಸೋಡಸ್' ತಂದರು. ನ್ಯೂಯಾರ್ಕಿನಲ್ಲಿ ಹುಟ್ಟಿ, ಅಲ್ಲೂ ಟೋಕಿಯೋದಲ್ಲೂ ಬೆಳೆದವರು, ಭಾಷೆಯ ತೊಂದರೆ ಇಲ್ಲ, ಬೆನ್ನ ಹಿಂದೆ ದೊಡ್ಡ ಕಂಪನಿ. ಆದರೂ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ 160ನೇ ಸ್ಥಾನ. ಅದೇ ಆಲ್ಬಂ ಜಪಾನಿನಲ್ಲಿ 10 ಲಕ್ಷ ದಾಟಿತು. ನಿಮ್ಮ ತಂಗಿ ಹೇಳುವ ಒಟ್ಟು ಲೆಕ್ಕದ ಅಂತರ ಹುಟ್ಟುವುದು ಇಲ್ಲಿಯೇ. ಮರಾಯಾ ಜಪಾನಿನಲ್ಲೂ ಮಾರುತ್ತಾರೆ, ಬ್ರೆಜಿಲ್‌ನಲ್ಲೂ ಮಾರುತ್ತಾರೆ, ಜರ್ಮನಿಯಲ್ಲೂ ಮಾರುತ್ತಾರೆ. ಹಮಾಸಾಕಿಯವರ ಮಾರಾಟದ ಬಹುಪಾಲು ಒಂದೇ ದೇಶದ್ದು. ಆ ದೇಶ ಜಗತ್ತಿನ ಎರಡನೇ ದೊಡ್ಡ ಸಂಗೀತ ಮಾರುಕಟ್ಟೆ ಆಗಿದ್ದರಿಂದ ಕಂಪನಿಗಳಿಗೆ ಹೊರಗೆ ಹೋಗುವ ಹಸಿವೂ ಅಷ್ಟಿರಲಿಲ್ಲ.

ಇನ್ನು ಒಂದು ಎಚ್ಚರಿಕೆ. 2010ರಿಂದ ಈಚಿನ ಅಂಕಿಗಳನ್ನು ಎರಡೂ ಕಡೆ ಅನುಮಾನದಿಂದಲೇ ನೋಡಿ. ಜಪಾನಿನಲ್ಲಿ ಎಕೆಬಿ48 ಹುಡುಗಿಯರ ತಂಡದ ಸಿಡಿಯೊಳಗೆ ಕೈಕುಲುಕುವ ಟಿಕೆಟ್, ಓಟು ಹಾಕುವ ಚೀಟಿ ಬಂದವು. ಒಬ್ಬನೇ ಅಭಿಮಾನಿ ಹತ್ತಾರು ಸಿಡಿ ಕೊಳ್ಳುತ್ತಿದ್ದ. 10 ಲಕ್ಷ ಸಿಡಿ ಅಂದರೆ 10 ಲಕ್ಷ ಜನ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಅಮೆರಿಕದಲ್ಲಿ 2011ರ ಮೇ ತಿಂಗಳಲ್ಲಿ ಲೇಡಿ ಗಾಗಾ ಆಲ್ಬಂ ಮೊದಲ ವಾರ 11 ಲಕ್ಷ ಹೋಯಿತು, ಅದರಲ್ಲಿ 4 ಲಕ್ಷಕ್ಕೂ ಜಾಸ್ತಿ ಅಮೆಜಾನ್ 99 ಸೆಂಟ್‌ಗೆ ಮಾರಿದ್ದು. ಅದಾದ ಮೇಲೆ ಬಿಲ್‌ಬೋರ್ಡ್, ಹೊಸ ಆಲ್ಬಂ ತೀರಾ ಅಗ್ಗಕ್ಕೆ ಮಾರಿದರೆ ಎಣಿಸುವುದಿಲ್ಲ ಅಂತ ನಿಯಮ ತಂದಿತು. 2025ರ ಅಕ್ಟೋಬರಿನಲ್ಲಿ ಟೇಲರ್ ಸ್ವಿಫ್ಟ್ ಮೊದಲ ವಾರ 40 ಲಕ್ಷ ಮಾಡಿದರು ಅಂತ ಸುದ್ದಿ ಆಯಿತಲ್ಲ, ಅದರಲ್ಲಿ ಸ್ಟ್ರೀಮಿಂಗ್ ಅನ್ನು ಆಲ್ಬಂಗೆ ಪರಿವರ್ತಿಸಿದ ಪಾಲೂ ಇದೆ. ನಿಜವಾಗಿ ಕೊಂಡ ಪ್ರತಿ 34 ಲಕ್ಷದ ಮೇಲೆ. ಅಡೆಲ್ ದಾಖಲೆ ಮುರಿದಿದ್ದು ನಿಜ. ಆದರೆ ಬೇರೆ ಬೇರೆ ಮುಖಪುಟ, ಬೇರೆ ಬೇರೆ ಬಣ್ಣದ ವಿನೈಲ್ ಅಂತ ಹಲವು ಆವೃತ್ತಿ ಇದ್ದವು, ಒಬ್ಬರೇ ಎರಡು ಮೂರು ಕೊಂಡಿರುವ ಸಾಧ್ಯತೆ ಜಾಸ್ತಿ. 2001ರ ಆ ವಾರದ ಜೊತೆ ಇದನ್ನು ಹೋಲಿಸಲು ನನಗೆ ಮನಸ್ಸಾಗುವುದಿಲ್ಲ. ಈ ಕಾಲದ ಅಂಕಿಗಳಲ್ಲಿ ನಾನು ತುಂಬಾ ಗೌರವದಿಂದ ನೋಡುವುದು ಅಮುರೊ ಅವರದ್ದು. 2017ರ ನವೆಂಬರಿನಲ್ಲಿ, ಸಿಡಿ ಕಾಲ ಮುಗಿಯಿತು ಅಂತ ಎಲ್ಲರೂ ಹೇಳುತ್ತಿದ್ದಾಗ ಬಂದ ಮೂರು ಡಿಸ್ಕಿನ 'ಫೈನಲಿ' ಆಲ್ಬಂ 20 ಲಕ್ಷ ದಾಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ, ಮೊದಲೇ ಹೇಳಿದ್ದ ದಿನಕ್ಕೆ ಸರಿಯಾಗಿ, ಹಾಡುವುದನ್ನೇ ನಿಲ್ಲಿಸಿದರು.

ಸ್ಟ್ರೀಮಿಂಗ್ ಬಂದ ಮೇಲೆ ಜಪಾನಿನ ಬೇಲಿ ಸ್ವಲ್ಪ ಮುರಿದಿದೆ. 2023ರಲ್ಲಿ ಇಕುರಾ ಹಾಡುವ ಯೋಅಸೋಬಿ ಜೋಡಿಯ ಹಾಡು, ಅಮೆರಿಕ ಬಿಟ್ಟು ಉಳಿದ ಜಗತ್ತಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದಕ್ಕಿಂತ ಮುಂಚೆ 2020ರಲ್ಲಿ ಮಾತ್ಸುಬಾರಾ ಮಿಕಿ ಅವರ ಮೊದಲ ಹಾಡು ಟಿಕ್‌ಟಾಕ್‌ನಲ್ಲಿ ಹೊತ್ತಿಕೊಂಡು ಊರೂರು ತಿರುಗಿತು. ಅದು 1979ರ ನವೆಂಬರಿನಲ್ಲಿ ಬಂದಿದ್ದು. ಒರಿಕಾನ್‌ನಲ್ಲಿ ಆಗ ಅದರ ಅತಿ ಮೇಲಿನ ಸ್ಥಾನ 28. ಮಿಕಿ 2004ರಲ್ಲೇ ತೀರಿಕೊಂಡಿದ್ದರು. ಉತಾದಾ, ಹಮಾಸಾಕಿ ಕೇಳಿ ಮುಗಿದ ಮೇಲೆ ಇದನ್ನು ಕೇಳಿ. ತಂಗಿಯನ್ನೂ ಕೂರಿಸಿಕೊಳ್ಳಿ, ಬಹುಶಃ ಅವರಿಗೆ ಈ ಹಾಡು ನಿಮಗಿಂತ ಮೊದಲೇ ಗೊತ್ತಿರುತ್ತದೆ.